ಓದಿದ್ದಾರೆಂದು ನಂಬಿದ ನಾಲ್ಕು ದಿನ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವಾರ ಅದನ್ನು ಹೇಳಬೇಕಾದವರಿಗೆ ಹೇಳಬೇಕಾದ ಹಾಗೆ ನಾನು ಹೇಳಲಿಲ್ಲ.

ಮುಲುಂಡ್‌ನ ನಮ್ಮ ಮನೆಯಲ್ಲಿ ಅಡುಗೆಕೋಣೆಗೂ ಹಾಲ್‌ಗೂ ನಡುವೆ ಒಂದು ಮೇಜು ಹಿಡಿಸುವಷ್ಟು ಜಾಗವಿದೆ. ಹದಿನಾಲ್ಕು ವರ್ಷಗಳಿಂದ ಅಲ್ಲಿ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತ ಬಂದಿದ್ದೇನೆ. ಕತೆ, ಕಾದಂಬರಿ ಅಲ್ಲ. ವಿಮೆಯ ಷರತ್ತುಗಳು, ಕುಕ್ಕರಿನ ಜೊತೆ ಬರುವ ಸೂಚನೆಗಳು, ಬ್ಯಾಂಕಿನ ಅರ್ಜಿಗಳು, ಈಚೆಗೆ ಆಸ್ಪತ್ರೆಯವರು ರೋಗಿಗಳಿಗೆ ಕೊಡುವ ಸಣ್ಣ ಕೈಪಿಡಿಗಳು. ನನ್ನ ಗಂಡ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಬೆಳಿಗ್ಗೆ ಐದಕ್ಕೆ ಹೊರಟುಬಿಡುತ್ತಾರೆ. ಎಂಟಕ್ಕೆ ಮಗಳು ಕಾಲೇಜಿಗೆ ಹೋಗುತ್ತಾಳೆ. ಆಮೇಲೆ ಮನೆಯಲ್ಲಿ ನಾನು, ಕಂಪ್ಯೂಟರು ಮತ್ತು ಕೆಳಗಿನ ಮನೆಯವರ ಮಿಕ್ಸರಿನ ಸದ್ದು.

ಕೆಲಸ ಕೊಡುತ್ತಿದ್ದದ್ದು ಗೋರೆಗಾಂವ್‌ನ ಒಂದು ಅನುವಾದ ಕಚೇರಿ. ಮೂರು ವರ್ಷದ ವ್ಯವಹಾರದಲ್ಲಿ ನಾನು ಆ ಕಚೇರಿಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಎಲ್ಲವೂ ಈಮೇಲ್‌ನಲ್ಲೇ. ಅಲ್ಲಿ ಒಬ್ಬಳು ಹುಡುಗಿ ಇದ್ದಳು. ಕನ್ನಡ, ತೆಲುಗು, ತಮಿಳು ಮೂರನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಅವುಗಳಲ್ಲಿ ಒಂದು ಭಾಷೆಯೂ ಅವಳಿಗೆ ಬರುತ್ತಿರಲಿಲ್ಲ. ಫೈಲು ಕಳಿಸಿದ ಅರ್ಧ ಗಂಟೆಯಲ್ಲಿ 'ಥ್ಯಾಂಕ್ಯೂ ಮ್ಯಾಮ್, ರಿಸೀವ್ಡ್' ಎಂದು ಉತ್ತರ ಬರುತ್ತಿತ್ತು. ಅವಳ ಮುಖ ನೋಡದಿದ್ದರೂ ಆ ಮೂರು ಪದಗಳಿಂದ ಅವಳನ್ನು ಬಲ್ಲೆ ಎನ್ನುವ ಭಾವನೆ ನನಗಿತ್ತು.

ಆ ಸಲ ಬಂದದ್ದು ಬೊರಿವಲಿಯ ಒಂದು ಧರ್ಮಾರ್ಥ ಆಸ್ಪತ್ರೆಗಾಗಿ ನಾಲ್ಕು ಪುಟದ ಕೈಪಿಡಿ. ಸಂಧಿವಾತದವರಿಗೆ ಕೊಡುವ ಒಂದು ಮಾತ್ರೆಯ ವಿಚಾರ. ಆ ಮಾತ್ರೆಯನ್ನು ವಾರಕ್ಕೆ ಒಂದೇ ಸಲ, ಅದೂ ಪ್ರತಿವಾರ ಅದೇ ದಿನ ತೆಗೆದುಕೊಳ್ಳಬೇಕು. ದಿನಾ ತೆಗೆದುಕೊಂಡರೆ ಬಾಯಿ ಹುಣ್ಣಾಗುತ್ತದೆ, ರಕ್ತ ಕೆಡುತ್ತದೆ, ಜೀವಕ್ಕೇ ಅಪಾಯ. ಅಲ್ಲಿಗೆ ಕಟ್ಟಡದ ಕೆಲಸ ಮಾಡುವ ಉತ್ತರ ಕರ್ನಾಟಕದ ಜನ ತುಂಬ ಬರುತ್ತಾರೆ, ಅದಕ್ಕೇ ಕನ್ನಡದಲ್ಲೂ ಬೇಕಂತೆ. ಶುಕ್ರವಾರ ಬೆಳಿಗ್ಗೆ ಮುಗಿಸಿ ಕಳಿಸಿದೆ. 'ಥ್ಯಾಂಕ್ಯೂ ಮ್ಯಾಮ್, ರಿಸೀವ್ಡ್.'

ಶನಿವಾರ ಮಧ್ಯಾಹ್ನ, ಊಟವಾದ ಮೇಲೆ, ಬೇರೆ ಒಂದು ಕೆಲಸಕ್ಕೆ ಒಂದು ವಾಕ್ಯ ಬೇಕಾಗಿ ಆ ಫೈಲನ್ನು ತೆರೆದೆ. ಎರಡನೇ ಪುಟದಲ್ಲಿ ಚೌಕಟ್ಟು ಹಾಕಿ ದಪ್ಪಕ್ಷರದಲ್ಲಿ ಬರೆದ ಸಾಲು ಕಣ್ಣಿಗೆ ಬಿತ್ತು: 'ದಿನಕ್ಕೆ ಒಂದು ಮಾತ್ರೆ, ಊಟದ ನಂತರ.'

ಮೊದಲು ಅರ್ಥವೇ ಆಗಲಿಲ್ಲ. ಇನ್ನೊಂದು ಸಲ ಓದಿದೆ. ಪಕ್ಕದಲ್ಲಿ ಇಂಗ್ಲಿಷ್ ತೆರೆದೆ. ಅಲ್ಲಿ ವಾರಕ್ಕೆ ಒಂದು, ದಿನಾ ಬೇಡ ಎಂದೇ ಇತ್ತು. ಆ ಮಾತು ಇದ್ದದ್ದೂ ಆ ಒಂದು ಸಾಲಿನಲ್ಲಿ ಮಾತ್ರ. ಹಿಂದಿನ ತಿಂಗಳು ಬಿ.ಪಿ. ಮಾತ್ರೆಯ ಕೈಪಿಡಿ ಮಾಡಿದ್ದೆ. ಅದರ ಚೌಕಟ್ಟನ್ನೇ ಎತ್ತಿ ಇಲ್ಲಿ ಇಟ್ಟು, ಮಾತ್ರೆಯ ಹೆಸರು ಬದಲಾಯಿಸಿ, ಮಿಕ್ಕದ್ದನ್ನು ಮರೆತಿದ್ದೆ. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ, ಅಷ್ಟರಲ್ಲಿ ಅದು ತಾನೇ ಸರಿಯಾಗಿರಬಹುದು ಎನ್ನುವ ಹಾಗೆ.

ಮಗಳು ಮಂಚದ ಮೇಲೆ ಕೂತು ಮೊಬೈಲ್ ನೋಡುತ್ತಿದ್ದಳು. "ಏನಾಯ್ತು ಅಮ್ಮಾ, ಮುಖ ಯಾಕೆ ಹೀಗೆ?" ಎಂದಳು.

"ಒಂದು ತಪ್ಪು ಉಂಟು. ಕಳಿಸಿ ಆಗಿದೆ."

"ತೋ ಕರೆಕ್ಟ್ ಮಾಡಿ ಮತ್ತೆ ಕಳಿಸು ನಾ. ಸಿಂಪಲ್."

ತಿದ್ದಿದೆ. ಹೊಸ ಫೈಲು ಸೇರಿಸಿದೆ. ಮೇಲ್ ಬರೆಯುವಾಗ ಮಾತ್ರ ಕೈ ತಡೆಯಿತು. ವಿಷಯದ ಜಾಗದಲ್ಲಿ ಮೊದಲು 'ತುರ್ತು, ಗಂಭೀರ ತಪ್ಪು' ಎಂಬರ್ಥದ ಇಂಗ್ಲಿಷ್ ಬರೆದೆ. ಅಳಿಸಿದೆ. ಗಂಭೀರ ಎಂದರೆ ಅವರು ಮುಂದೆ ಔಷಧಿಯ ಕೆಲಸ ಕೊಡುತ್ತಾರೆಯೇ? ಹದಿನಾಲ್ಕು ವರ್ಷದಲ್ಲಿ ಒಂದೂ ತಪ್ಪು ಬಂದಿರಲಿಲ್ಲ ಎಂದು ಅವರಿಗೆ ಯಾರು ಹೇಳುತ್ತಾರೆ? ಕೊನೆಗೆ 'ಸಣ್ಣ ತಿದ್ದುಪಡಿ' ಎಂದು ಹಾಕಿದೆ. ಒಳಗೆ, ಎರಡನೇ ಪುಟದಲ್ಲಿ ಒಂದು ಸಾಲು ಬದಲಾಗಿದೆ, ದಯವಿಟ್ಟು ಈ ಫೈಲನ್ನೇ ಬಳಸಿ ಎಂದು ಬರೆದೆ. ಯಾವ ಸಾಲು, ಬದಲಾಯಿಸದಿದ್ದರೆ ಏನಾಗುತ್ತದೆ ಎಂದು ಬರೆಯಲಿಲ್ಲ. ಆ ಎರಡು ಪದಗಳನ್ನು ಇವತ್ತು ನೆನೆದರೂ ಕಿವಿ ಬಿಸಿಯಾಗುತ್ತದೆ.

ನಾನು ಕಳಿಸದೆ ಸುಮ್ಮನೆ ಕೂತದ್ದು ನೋಡಿ ಮಗಳು ಎದ್ದು ಬಂದಳು. "ಅವರು ನೋಡ್ತಾರಾ ಇಲ್ವಾ ಅಂತ ಟೆನ್ಶನ್ನಾ? ರೀಡ್ ರಿಸೀಟ್ ಹಾಕು. ಅವರು ಓಪನ್ ಮಾಡಿದ ಕೂಡಲೇ ನಿನಗೆ ಮೇಲ್ ಬರುತ್ತೆ. ವಾಟ್ಸ್ಯಾಪ್‌ದು ಬ್ಲೂ ಟಿಕ್ ಇರುತ್ತಲ್ಲಾ, ವೈಸಾ ಹೀ." ಮೌಸ್ ಕಿತ್ತುಕೊಂಡು ಎಲ್ಲೋ ಒಂದು ಕಡೆ ಒತ್ತಿದಳು. ಮೇಲ್ ಹೋಯಿತು. ಆಗ ನಾಲ್ಕು ಗಂಟೆ.

ಅವತ್ತು ಅರ್ಧ ಗಂಟೆಯಲ್ಲಿ ಉತ್ತರ ಬರಲಿಲ್ಲ. ಶನಿವಾರ ಅವರಿಗೆ ಅರ್ಧ ದಿನ ಎಂದು ಸಮಾಧಾನ ಮಾಡಿಕೊಂಡೆ. ಭಾನುವಾರ ಗಂಡನಿಗೆ ದೋಸೆ ಹೊಯ್ಯುವಾಗಲೂ ಮೊಬೈಲು ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ಇತ್ತು. "ಎಂತ ಅದು, ಯಾರ ಫೋನು ಬರ್ಲಿಕ್ಕುಂಟು?" ಎಂದು ಅವರು ಕೇಳಿದರು. ಯಾರದ್ದೂ ಇಲ್ಲ ಎಂದೆ.

ಸೋಮವಾರ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಅದು ಬಂತು. ಎರಡು ಸಾಲು. ನಿಮ್ಮ ಸಂದೇಶವನ್ನು ಇಂಥ ದಿನ, ಇಂಥ ಹೊತ್ತಿಗೆ ಓದಲಾಗಿದೆ. ಕೆಳಗೆ ಆ ಹುಡುಗಿಯ ಹೆಸರು. ನಾನು ಅದನ್ನು ಎಷ್ಟು ಸಲ ನೋಡಿದೆನೋ. ಬೆನ್ನ ಮೇಲಿನ ಮೂಟೆ ಇಳಿಸಿದಂತಾಗಿ ಕುರ್ಚಿಗೆ ಒರಗಿ ಕೂತೆ. ಅವತ್ತು ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು.

ಸಂಜೆ ಎದ್ದಾಗ ಮೊದಲ ಅನುಮಾನ ಬಂತು. ಓದಿದವಳು ಥ್ಯಾಂಕ್ಯೂ ಏಕೆ ಹೇಳಲಿಲ್ಲ?

ಕೆಲಸ ಹೆಚ್ಚಿರಬಹುದು. ನನ್ನ ಮೇಲೆ ಸಿಟ್ಟಾಗಿರಬಹುದು. ತಪ್ಪು ಏನೆಂದು ಅರ್ಥವಾಗಿ ಮೇಲಿನವರಿಗೆ ತೋರಿಸಲು ಹೋಗಿರಬಹುದು. ಮಂಗಳವಾರ ಬೆಳಿಗ್ಗೆ ಫೋನ್ ಮಾಡೋಣ ಎಂದು ನಂಬರ್ ತೆಗೆದೆ, ಮಾಡಲಿಲ್ಲ. ಓದಿದ್ದಾಳೆ ಎಂದು ಯಂತ್ರವೇ ಹೇಳುತ್ತಿರುವಾಗ ಮತ್ತೆ ಕೇಳಿದರೆ ಅವಳನ್ನು ನಂಬದ ಹಾಗಾಗುತ್ತದೆ. ಇದು ನಾನು ನನಗೆ ಹೇಳಿಕೊಂಡ ಕಾರಣ. ನಿಜವಾದ ಕಾರಣ ಬೇರೆ. ಫೋನಿನಲ್ಲಿ ಅವಳು 'ಏನು ತಪ್ಪು ಮ್ಯಾಮ್?' ಎಂದು ಕೇಳಿದರೆ ನಾನು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು.

ಬುಧವಾರ ಇಡೀ ದಿನ ಬೇರೆ ಕೆಲಸವನ್ನು ಮಾಡಲಾಗಲಿಲ್ಲ. ಒಂದು ಪ್ಯಾರಾ ಮಾಡುವುದು, ಆ ರಸೀದಿಯನ್ನು ತೆರೆದು ನೋಡುವುದು. ತೊಗರಿಬೇಳೆ ತಳ ಹಿಡಿಯಿತು. ಸಂಜೆ ಮಗಳು ಬಂದಾಗ ಕೇಳಿದೆ. "ಈ ರೀಡ್ ರಿಸೀಟ್ ಬಂದರೆ ಅವರು ಪೂರ್ತಿ ಓದಿದ ಹಾಗೇ ಅಲ್ವಾ?"

ಬೂಟು ಬಿಚ್ಚುತ್ತಿದ್ದವಳು ತಲೆ ಎತ್ತಿದಳು. "ಪೂರಾ ಓದಿದ್ದಾರೆ ಅಂತ ಹೇಗೆ ಗೊತ್ತಾಗುತ್ತೆ ಅಮ್ಮಾ? ಮೇಲ್ ಓಪನ್ ಆಯ್ತು ಅಷ್ಟೇ. ಓಪನ್ ಭೀ ಆಗ್ಬೇಕಂತ ಇಲ್ಲ. ಮಾರ್ಕ್ ಆ್ಯಸ್ ರೀಡ್ ಮಾಡಿದ್ರೂ ಬರುತ್ತೆ ಶಾಯದ್. ನಾನು ಕಾಲೇಜ್ ಮೇಲ್ ಎಲ್ಲಾ ಹಾಗೇ ಮಾಡ್ತೀನಿ, ಸೆಲೆಕ್ಟ್ ಆಲ್, ಖತಮ್."

"ಓದದೇನೇ?"

"ಓದದೇನೇ. ಅಷ್ಟೊಂದು ಯಾರು ಓದ್ತಾರೆ?"

ಇದನ್ನು ಅವಳು ಶನಿವಾರ ಏಕೆ ಹೇಳಲಿಲ್ಲ ಎಂದು ಅವಳ ಮೇಲೆ ರೇಗಿದೆ. ಅವಳು ಪಾಪ, ನೀನು ಕೇಳಲೇ ಇಲ್ಲವಲ್ಲ ಎಂದಳು. ಆಗ ಗೋರೆಗಾಂವ್ ಕಚೇರಿಗೆ ಫೋನ್ ಮಾಡಿದೆ. ಏಳು ಗಂಟೆ ದಾಟಿತ್ತು, ಯಾರೂ ಎತ್ತಲಿಲ್ಲ. ಹುಡುಗಿಯ ಮೊಬೈಲು ಸ್ವಿಚ್ ಆಫ್. ಆಗ ಮೊದಲ ಸಲ ಗಂಡನಿಗೂ ಮಗಳಿಗೂ ಎದುರು ಕೂತು ತಪ್ಪು ಏನೆಂದು ಹೇಳಿದೆ. ಗಂಡ ಕೇಳಿದರು.

"ನೀನು ಮೇಲ್ ಮಾಡಿದ್ದಿಯಲ್ಲ? ಅವರು ಓದಿದ್ದಕ್ಕೆ ಪುರಾವೆ ಉಂಟಲ್ಲ?"

"ಉಂಟು."

"ಮತ್ತೆ ನಿನ್ನ ಮೇಲೆ ಎಂತ ಬರ್ತದೆ?"

ನನಗೂ ಅದೇ ಯೋಚನೆ ಆಗಲೇ ಬಂದುಹೋಗಿತ್ತು. ಅದಕ್ಕೇ ಅವರ ಮಾತು ಕೇಳಿ ನಾಚಿಕೆಯಾಯಿತು. "ನನ್ನ ಮೇಲೆ ಬರುವುದು ಇರಲಿ, ಯಾರಾದ್ರೂ ಆ ಮಾತ್ರೆ ದಿನಾ ನುಂಗಿದ್ರೆ?" ಎಂದೆ. ಅವರು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ವಾಪಸು ಬಂದು, "ನಾಳೆ ಬೆಳಿಗ್ಗೆಯೇ ಹೋಗು. ಫೋನಲ್ಲಿ ಆಗುವ ಕೆಲಸ ಅಲ್ಲ ಇದು" ಎಂದರು.

ಗುರುವಾರ ಎಂಟು ಗಂಟೆಗೆ ಗೋರೆಗಾಂವ್‌ಗೆ ಹೋಗುವ ಲಿಂಕ್ ರೋಡಿನ ಬಸ್ಸು ಹಿಡಿದೆ. ಭಾಂಡುಪ್ ದಾಟುವ ಮೊದಲೇ ಬಸ್ಸು ನಿಂತಿತು. ಮೆಟ್ರೋ ಕಂಬಗಳ ಕೆಲಸ, ಎರಡೂ ಕಡೆ ತಗಡು, ನಡುವೆ ಒಂದೇ ಸಾಲು. ಪಕ್ಕದಲ್ಲಿ ಕೂತ ಹೆಂಗಸು ಸೋರೆಕಾಯಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು. ನಾನು ಐದು ನಿಮಿಷಕ್ಕೊಮ್ಮೆ ಕಚೇರಿಯ ನಂಬರ್ ಒತ್ತುತ್ತಿದ್ದೆ. ಒಂಬತ್ತೂವರೆಗೆ ಒಬ್ಬ ಹುಡುಗ ಎತ್ತಿದ. ಸುದ್ದಿಯನ್ನು ಬಸ್ಸಿನ ಗದ್ದಲದಲ್ಲಿ ಹೇಳಿದರೆ ಅವನಿಗೆ ಪೂರ್ತಿ ತಿಳಿಯಲಿಕ್ಕಿಲ್ಲ ಎನಿಸಿ, ಆಸ್ಪತ್ರೆಯ ಕೈಪಿಡಿಯನ್ನು ನಿಲ್ಲಿಸಿ, ಬರುತ್ತಿದ್ದೇನೆ ಎಂದಷ್ಟೇ ಕೂಗಿದೆ.

ಕಚೇರಿ ಎಂದರೆ ಸ್ಟೇಷನ್ನಿನ ಪೂರ್ವಕ್ಕೆ, ಒಂದು ಕೈಗಾರಿಕಾ ಕಟ್ಟಡದ ಮೂರನೇ ಮಹಡಿಯಲ್ಲಿ ಎರಡು ಕೋಣೆ. ಆ ಹುಡುಗ ಎದ್ದು ನಿಂತು ಕುರ್ಚಿ ಕೊಟ್ಟ. ಮಹಾರಾಷ್ಟ್ರದವನು, ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು. ಹಿಂದಿಯಲ್ಲಿ ಮಾತಾಡಿದೆವು.

ಹುಡುಗಿಗೆ ಶುಕ್ರವಾರ ರಾತ್ರಿಯಿಂದ ಡೆಂಗಿ ಜ್ವರ, ಆಸ್ಪತ್ರೆಯಲ್ಲಿದ್ದಾಳೆ ಎಂದ. ಅವಳ ಮೇಲ್‌ಗಳು?

"ಸೋಮವಾರ ಬೆಳಿಗ್ಗೆ ನಾನೇ ಅವಳ ಇನ್‌ಬಾಕ್ಸ್ ತೆರೆದೆ ಮ್ಯಾಮ್. ತುಂಬ ಇತ್ತು. ಅರ್ಜೆಂಟ್ ಅಂತ ಇದ್ದದ್ದನ್ನು ಮಾತ್ರ ನೋಡಿ, ಉಳಿದದ್ದನ್ನೆಲ್ಲ ರೀಡ್ ಅಂತ ಮಾರ್ಕ್ ಮಾಡಿ ಬದಿಗಿಟ್ಟೆ. ಅವಳು ಬಂದ ಮೇಲೆ ನೋಡಲಿ ಅಂತ."

"ಹತ್ತು ಗಂಟೆ ಹದಿನೇಳು ನಿಮಿಷಕ್ಕೆ" ಎಂದೆ.

ಇವರಿಗೆ ಅದು ಹೇಗೆ ಗೊತ್ತು ಎನ್ನುವಂತೆ ಅವನು ನನ್ನನ್ನು ನೋಡಿದ. ನಾನು ಮೊಬೈಲ್ ತೋರಿಸಿದೆ. ಆಮೇಲೆ ಎರಡನೇ ಪುಟದ ಸಾಲು ಏನು, ತಿದ್ದಿದ ಸಾಲು ಏನು ಎಂದು ಹಿಂದಿಯಲ್ಲಿ ಹೇಳಿದೆ. ಅವನು ತಕ್ಷಣ ಪ್ರೆಸ್ಸಿಗೆ ಫೋನ್ ಮಾಡಿದ. ಮರಾಠಿಯಲ್ಲಿ ನಡೆದ ಮಾತು ನನಗೆ ಪೂರ್ತಿ ತಿಳಿಯಿತು. ಹಳೆಯ ಫೈಲು ಶುಕ್ರವಾರವೇ ಪ್ರೆಸ್ಸಿಗೆ ಹೋಗಿತ್ತು, ಸೋಮವಾರ ಮಧ್ಯಾಹ್ನ ಛಾಪಿಸಿದ್ದರು, ಮಂಗಳವಾರ ಬೆಳಿಗ್ಗೆ ಆಸ್ಪತ್ರೆಗೆ ಮುಟ್ಟಿಸಿದ್ದರು. ಸೋಮವಾರ ಬೆಳಿಗ್ಗೆ ಯಾರಾದರೂ ಓದಿದ್ದರೆ ತಡೆಯಬಹುದಿತ್ತು.

ಫೋನ್ ಇಟ್ಟು ಅವನು ಮೆಲ್ಲಗೆ ಹೇಳಿದ. "ಮ್ಯಾಮ್, ನಿಮ್ಮ ಹತ್ತಿರ ಪ್ರೂಫ್ ಇದೆ. ನೀವು ಸೇಫ್. ಪೇಚಿಗೆ ಬಿದ್ದವನು ನಾನು." ಅವನ ಕಣ್ಣಲ್ಲಿ ನೀರಿತ್ತು. ಒಂದು ಕ್ಷಣ, ಒಂದೇ ಕ್ಷಣ, ನನಗೆ ಸಮಾಧಾನವಾಯಿತು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಆಮೇಲೆ ಹೇಳಿದೆ, "ನಾನು 'ಸಣ್ಣ ತಿದ್ದುಪಡಿ' ಅಂತ ಬರೆದಿದ್ದೆ. ನೀನು ತೆರೆದಿದ್ದರೂ ಬದಿಗಿಡುತ್ತಿದ್ದೆ. ಆಸ್ಪತ್ರೆಗೆ ಫೋನ್ ಮಾಡು, ಹಂಚುವುದನ್ನು ನಿಲ್ಲಿಸಲಿ. ನಾನು ಅಲ್ಲಿಗೆ ಹೋಗ್ತೇನೆ."

ಗೋರೆಗಾಂವ್‌ನಿಂದ ಬೊರಿವಲಿಗೆ ಲೋಕಲ್‌ನಲ್ಲಿ ಇಪ್ಪತ್ತು ನಿಮಿಷವೂ ಇಲ್ಲ. ಹೆಂಗಸರ ಡಬ್ಬಿಯಲ್ಲಿ ಜಾಗವಿದ್ದರೂ ಬಾಗಿಲ ಬಳಿ ಕಂಬ ಹಿಡಿದು ನಿಂತೆ. ಮಂಗಳವಾರದಿಂದ ಗುರುವಾರಕ್ಕೆ ಎಷ್ಟು ಮಾತ್ರೆ ಎಂದು ಲೆಕ್ಕ ಹಾಕುತ್ತಿದ್ದೆ. ಅದು ಕೂಸಿಗೂ ಬರುವ ಲೆಕ್ಕ, ಆದರೂ ಮತ್ತೆ ಮತ್ತೆ ಹಾಕುತ್ತಿದ್ದೆ.

ಆಸ್ಪತ್ರೆಯ ಹೊರರೋಗಿ ವಿಭಾಗದ ಸಿಸ್ಟರ್ ನನಗಾಗಿ ಕಾಯುತ್ತಿದ್ದರು. ಐವತ್ತು ದಾಟಿದ ಕೇರಳದ ಹೆಂಗಸು, ಮುಂಬೈ ಹಿಂದಿ. ಕನ್ನಡದ ಕಟ್ಟನ್ನು ಆಗಲೇ ಮೇಜಿನ ಕೆಳಗೆ ಇಳಿಸಿ ಇಟ್ಟಿದ್ದರು. ಮೇಲಿನದೊಂದನ್ನು ಎತ್ತಿ ಎರಡನೇ ಪುಟ ತೆರೆದೆ. ಹೊಳೆಯುವ ಕಾಗದ, ನೀಲಿ ಚೌಕಟ್ಟು. 'ದಿನಕ್ಕೆ ಒಂದು ಮಾತ್ರೆ.' ಛಾಪಿಸಿದ ಮೇಲೆ ಆ ಸಾಲಿಗೆ ಎಂಥ ಗತ್ತು ಬಂದಿತ್ತು.

"ಸಂಧಿವಾತದ ಓಪಿಡಿ ಮಂಗಳವಾರ ಮಾತ್ರ" ಎಂದರು ಸಿಸ್ಟರ್. "ಕನ್ನಡದವರು ಆ ದಿನ ಹೊಸದಾಗಿ ಇಬ್ಬರು ಬಂದಿದ್ದರು. ಮಾತ್ರೆ ಕೊಡುವಾಗ ನಾನೇ ಬಾಯಲ್ಲಿ ಹೇಳಿದ್ದೇನೆ, ಹಫ್ತೇ ಮೇ ಏಕ್, ವಾರಕ್ಕೊಂದು ಅಂತ. ಪುಸ್ತಕ ಓದಲು ನನಗೆ ಬರುವುದಿಲ್ಲ. ಡಾಕ್ಟರಿಗೂ ಬರುವುದಿಲ್ಲ."

ಮೊದಲನೆಯವರಿಗೆ ಅವರ ಟೇಬಲ್ಲಿನಿಂದಲೇ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಎತ್ತಿದವರು ಕುಂದಾಪುರದ ಕಡೆಯವರು, ಹೋಟೆಲಿನಲ್ಲಿ ಅಡುಗೆಯವರು. "ಇಲ್ಲ ಮಾರಾಯ್ರೆ, ಮಂಗಳವಾರ ಒಂದು ತಕಂಡದ್ದ್. ಇನ್ನ್ ಬಪ್ಪು ಮಂಗಳವಾರವೇ" ಎಂದರು. ಪುಸ್ತಕ ಓದಿದಿರಾ ಎಂದು ಕೇಳಿದೆ. "ಎಲ್ಲಿಗೆ, ಪುರುಸೊತ್ತ್ ಎಲ್ಲುಂಟು" ಎಂದರು. ಬರೆದ ಒಂದು ಮಾತನ್ನು ಯಾರೂ ಓದಲಿಲ್ಲ ಎಂದು ಅಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಎರಡನೆಯ ನಂಬರು ಬಂದ್ ಇತ್ತು. ಎರಡು ಸಲ, ಮೂರು ಸಲ. ಹೆಸರಿನ ಮುಂದೆ ವಿಳಾಸವಿತ್ತು. ಬೊರಿವಲಿ ಪೂರ್ವದಲ್ಲಿ, ಹೆದ್ದಾರಿಯ ಆಚೆ ಒಂದು ಚಾಳು, ಸಾಲು ಕೋಣೆಗಳ ವಠಾರ. ಸಿಸ್ಟರ್ ಒಳಗೆ ಹೋಗಿ ಡಾಕ್ಟರ ಹತ್ತಿರ ಮಾತಾಡಿ ಬಂದು ಚಪ್ಪಲಿ ಬದಲಾಯಿಸಿದರು. "ಚಲೋ, ರಿಕ್ಷಾದಲ್ಲಿ ಹೋಗೋಣ. ನನಗೆ ಕನ್ನಡ ಬರುವುದಿಲ್ಲ, ನಿಮಗೆ ಔಷಧಿ ಗೊತ್ತಿಲ್ಲ. ಇಬ್ಬರೂ ಬೇಕು."

ಚಾಳಿನ ಕೊನೆಯ ಮನೆ. ಬಾಗಿಲಲ್ಲಿ ಒಬ್ಬ ಹೆಂಗಸು ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದರು. ನನ್ನದೇ ವಯಸ್ಸು, ನೋಡಲು ಹತ್ತು ವರ್ಷ ಹಿರಿಯರ ಹಾಗೆ. ಬೆರಳಿನ ಗಂಟುಗಳು ಬಾತಿದ್ದವು. ಸಿಸ್ಟರನ್ನು ಕಂಡು ಗುರುತು ಹಿಡಿದು ಏಳಲು ಹೋದರು. ನಾನು ಕನ್ನಡದಲ್ಲಿ ಕೂತುಕೊಳ್ಳಿ ಎಂದದ್ದೇ ಅವರ ಮುಖ ಅರಳಿತು.

"ನಮ್ಮ ಮಂದಿ ಏನ್ರಿ? ಬರ್ರಿ ಅಕ್ಕಾರ, ಒಳಗ ಬರ್ರಿ."

ನಾನು ಹೊಸ್ತಿಲಲ್ಲೇ ಕೂತೆ. "ಅಕ್ಕಾ, ಆಸ್ಪತ್ರೆಯಲ್ಲಿ ಮಂಗಳವಾರ ಮಾತ್ರೆ ಕೊಟ್ಟರಲ್ಲ, ಅದನ್ನು ಹೇಗೆ ತಗೊಂಡಿರಿ?"

"ಬರೋಬ್ಬರಿ ತಗೊಂಡೀನ್ರಿ. ದಿನಕ್ಕೊಂದು, ಊಟ ಆದ ಮ್ಯಾಲೆ. ಇವತ್ತಿಂದೂ ಈಗಷ್ಟ ಆತು." ನಾಲ್ಕು ಮಾತ್ರೆಯ ಸ್ಟ್ರಿಪ್ ತಂದು ತೋರಿಸಿದರು. ಮೂರು ಖಾಲಿ. "ನಾಕ ಅಷ್ಟ ಕೊಟ್ಟಾರ್ರಿ. ನಾಳಿಗೆ ಮುಗೀತಾವ. ಹೊರಗ ಮೆಡಿಕಲ್‌ನ್ಯಾಗ ತರಸೂಣು ಅಂತ ನಮ್ಮನಿಯವರಿಗೆ ಹೇಳೀನಿ."

ಸ್ಟ್ರಿಪ್ ನೋಡಿಯೇ ಸಿಸ್ಟರಿಗೆ ಅರ್ಥವಾಗಿತ್ತು. "ಮೈನೇ ಬೋಲಾ ಥಾ ನಾ, ಹಫ್ತೇ ಮೇ ಏಕ್?" ಎಂದರು, ಬೈಯುವ ದನಿಯಲ್ಲಲ್ಲ, ಅಳುವ ದನಿಯಲ್ಲಿ.

ಆ ಹೆಂಗಸು ಗಾಬರಿಯಾಗಿ ನನ್ನ ಕಡೆ ತಿರುಗಿದರು. "ಹಿಂದಿ ನನಗ ಅಷ್ಟಕ್ಕಷ್ಟ ರೀ. ಹಫ್ತಾ ಅಂದಿದ್ದು ಕೇಳೀನಿ, ರೊಕ್ಕದ ಕಂತು ಇರಬೇಕು ಅಂದ್ಕೊಂಡೆ. ನಾ ಏಳನೇತ್ತ ತನಕ ಸಾಲಿ ಕಲ್ತೀನ್ರಿ, ಓದಾಕ ಬರತೈತಿ. ಪುಸ್ತಕದಾಗ ಚೌಕ ಹಾಕಿ ಬರದಾರಲ್ರೀ. ಈ ಊರಿಗೆ ಬಂದು ಇಪ್ಪತ್ತ ವರ್ಷ ಆತು, ನನಗ ಅಂತ ಕನ್ನಡದಾಗ ಒಬ್ಬರೂ ಏನೂ ಬರದುಕೊಟ್ಟಿದ್ದಿಲ್ಲ. ಎರಡ ಸಲ ಓದೀನಿ."

ಬಾಯಿ ತೆರೆಯಲು ಹೇಳಿ ಸಿಸ್ಟರ್ ಮೊಬೈಲಿನ ಬೆಳಕು ಹಾಕಿ ನೋಡಿದರು. ತುಟಿಯ ಒಳಗೆ ಆಗಲೇ ಎರಡು ಕಡೆ ಕೆಂಪಗಾಗಿತ್ತು. ರಿಕ್ಷಾದಲ್ಲಿ ಅವರನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಬಂದೆವು. ಹೆದ್ದಾರಿಯ ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದೆ. ಆಗ ಹೇಳದಿದ್ದರೆ ಮತ್ತೆಂದೂ ಹೇಳುವುದಿಲ್ಲ ಎಂದು ಗೊತ್ತಿತ್ತು.

"ಅಕ್ಕಾ, ಆ ಪುಸ್ತಕ ಕನ್ನಡಕ್ಕೆ ಮಾಡಿದವಳು ನಾನು. ವಾರಕ್ಕೆ ಅನ್ನುವ ಕಡೆ ದಿನಕ್ಕೆ ಅಂತ ಬರೆದುಬಿಟ್ಟೆ. ತಪ್ಪು ನನ್ನದು."

ಅವರು ನನ್ನ ಕಡೆ ನೋಡಲಿಲ್ಲ. ಮುಂದಿನ ಬಸ್ಸಿನ ಹಿಂಭಾಗವನ್ನು ನೋಡುತ್ತ ಕೂತರು.

ಡಾಕ್ಟರು ತಕ್ಷಣ ಒಳಗೆ ಸೇರಿಸಿಕೊಂಡರು. ರಕ್ತ ತೆಗೆದರು, ಅದರ ವಿಷ ಇಳಿಸುವ ಇಂಜೆಕ್ಷನ್ ಶುರುಮಾಡಿದರು. ಆ ಅಕ್ಕನ ಗಂಡ ಒಂದು ಕಟ್ಟಡದ ವಾಚ್‌ಮನ್, ಸಮವಸ್ತ್ರದಲ್ಲೇ ಓಡಿಬಂದರು. ಅವರಿಗೂ ಹೇಳಿದೆ. ಅವರು ನನಗಿಂತ ಸಿಸ್ಟರ ಮುಖವನ್ನೇ ನೋಡುತ್ತ, "ಉಳೀತಾಳಲ್ರೀ?" ಎಂದು ಕನ್ನಡದಲ್ಲೇ ಕೇಳಿದರು. ನಾನು ಹಿಂದಿಗೆ ಮಾಡಿ ಕೇಳಿ, ಸಿಸ್ಟರ ಉತ್ತರವನ್ನು ಕನ್ನಡಕ್ಕೆ ಮಾಡಿ ಹೇಳಿದೆ. "ಬೇಗ ಗೊತ್ತಾಗಿದೆ, ಉಳಿಯುತ್ತಾರೆ, ಆದರೆ ಐದಾರು ದಿನ ರಕ್ತ ನೋಡುತ್ತಿರಬೇಕು." ಒಂದೊಂದು ಪದವನ್ನೂ ಬಾಯಲ್ಲಿ ಎರಡು ಸಲ ತಿರುಗಿಸಿ ಹೇಳಿದೆ.

ಆ ಐದು ದಿನ ನಾನು ದಿನಾ ಮುಲುಂಡ್‌ನಿಂದ ಬೊರಿವಲಿಗೆ ಹೋದೆ. ದಾದರಿನಲ್ಲಿ ಗಾಡಿ ಬದಲಿಸಿ ಹೋಗುವುದು, ಅದೇ ದಾರಿಯಲ್ಲಿ ಬರುವುದು. ಬಾಯಿ ತುಂಬ ಹುಣ್ಣಾಗಿ ಅವರಿಗೆ ಮೊದಲ ಎರಡು ದಿನ ನೀರು ನುಂಗಲೂ ಆಗುತ್ತಿರಲಿಲ್ಲ. ನಾನು ಗಂಜಿ ಒಯ್ದರೆ ಅವರ ಗಂಡ ಡಬ್ಬಿ ತೆಗೆದುಕೊಂಡು ಪಕ್ಕಕ್ಕಿಡುತ್ತಿದ್ದರು. ರಕ್ತದ ವರದಿ ಬರುವ ಹೊತ್ತಿಗೆ ನಾನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು, ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಶನಿವಾರ ರಕ್ತಕಣಗಳ ಅಂಕಿಗಳು ಸ್ವಲ್ಪ ಕೆಳಗಿಳಿದವು, ಇಳಿಯಬಾರದಿತ್ತು. ಅವತ್ತು ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಅಡುಗೆಕೋಣೆಯ ನೆಲದ ಮೇಲೆ ಕೂತುಬಿಟ್ಟೆ. ಮಗಳು ಪಕ್ಕದಲ್ಲಿ ಬಂದು ಕೂತಳು. ಭಾನುವಾರ ಅಂಕಿಗಳು ಮೇಲೇರಿದವು. ಸೋಮವಾರ ಮತ್ತಷ್ಟು. ಸಿಸ್ಟರ್ ದೂರದಿಂದಲೇ ಹೆಬ್ಬೆರಳು ತೋರಿಸಿದರು.

ಅನುವಾದ ಕಚೇರಿಗೆ ನಾನು ಎಲ್ಲವನ್ನೂ ಬರೆದು ಕಳಿಸಿದೆ. ಈ ಸಲ ವಿಷಯದ ಜಾಗದಲ್ಲಿ ನನ್ನ ತಪ್ಪು ಎಂದೇ ಇತ್ತು. ಕಳಿಸಿ ಫೋನ್ ಮಾಡಿ, ಆ ಹುಡುಗ ಅದನ್ನು ಗಟ್ಟಿಯಾಗಿ ಓದುವ ತನಕ ಫೋನ್ ಇಡಲಿಲ್ಲ. ಅವನ ಕೆಲಸ ಉಳಿಯಿತು. ನನಗೆ ಎರಡು ತಿಂಗಳು ಅಲ್ಲಿಂದ ಯಾವ ಕೆಲಸವೂ ಬರಲಿಲ್ಲ, ಆಮೇಲೆ ಬಂತು, ಇನ್ನೊಬ್ಬರು ಓದಿ ನೋಡಬೇಕೆಂಬ ಷರತ್ತಿನೊಂದಿಗೆ. ಜ್ವರದ ಹುಡುಗಿ ಚೇತರಿಸಿಕೊಂಡು ಬಂದ ದಿನ ತಾನಾಗಿ ಫೋನ್ ಮಾಡಿದಳು. ಅವಳ ದನಿ ನಾನು ಅಂದುಕೊಂಡಿದ್ದಕ್ಕಿಂತ ಗಡುಸಾಗಿತ್ತು.

ಆ ಅಕ್ಕನನ್ನು ಆಸ್ಪತ್ರೆಯಿಂದ ಬಿಡುವ ಹಿಂದಿನ ದಿನ, ಸಿಸ್ಟರ್ ಕೇಳಿದ್ದ ಹೊಸ ಕೈಪಿಡಿಯ ಕರಡನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ. ತೋರಿಸುವ ಧೈರ್ಯವಿರಲಿಲ್ಲ. ಅವರು ದಿಂಬಿಗೆ ಒರಗಿ ಕೂತಿದ್ದರು. ಗಂಡ ಡ್ಯೂಟಿಗೆ ಹೋಗಿದ್ದರು. ನಾನು ಸ್ಟೂಲ್ ಎಳೆದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು.

"ಹಂಗಾರ ಆ ಪುಸ್ತಕದಾಗ ಉಳಿದದ್ದೆಲ್ಲಾ ಖರೇನ ಬರದೀರಿ?"

"ನಾನು ನಾಲ್ಕು ಸಲ ನೋಡಿದ್ದೇನೆ. ಡಾಕ್ಟರ ಎದುರು ಹಿಂದಿಯಲ್ಲಿ ಹೇಳಿಯೂ ನೋಡಿದ್ದೇನೆ. ಆದರೂ ನೀವು ಒಮ್ಮೆ ಓದಿ ನೋಡುತ್ತೀರಾ?" ಎಂದು ಕರಡು ತೆಗೆದುಕೊಟ್ಟೆ.

ಅವರು ಅದನ್ನು ಬೆಳಕಿನ ಕಡೆ ಹಿಡಿದರು. ಬಾತ ಬೆರಳನ್ನು ಸಾಲಿನ ಕೆಳಗಿಟ್ಟು, ಶಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಲು ತೊಡಗಿದರು. 'ವಾರಕ್ಕೆ ಒಂದೇ ಮಾತ್ರೆ' ಎಂಬಲ್ಲಿ ನಿಂತು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಮುಂದೆ ಹೋದರು. ಪಕ್ಕದ ಮಂಚದ ಮುದುಕಿ ಕನ್ನಡ ತಿಳಿಯದಿದ್ದರೂ ಕಿವಿಗೊಟ್ಟು ಕೇಳುತ್ತಿದ್ದಳು. ಮೂರನೇ ಪುಟದಲ್ಲಿ ಬೆರಳು ನಿಂತಿತು.

"ಯಕೃತ್ತು. ಯಕೃತ್ತು ಅಂದ್ರ ಏನ್ರಿ?"

"ಲಿವರ್."

"ಲಿವರ್ ಅಂತನ ಬರೀರಿ ಮತ್ತ. ಡಾಕ್ಟರ್ ಲಿವರ್ ಅಂತಾರ, ನಾವೂ ಲಿವರ್ ಅಂತೀವಿ. ಇದು ಯಾರಿಗೆ ತಿಳೀಬೇಕು?"

ಚೀಲದಿಂದ ಪೆನ್ನು ತೆಗೆದು, ಅವರ ಮಂಚದ ಅಂಚಿನ ಮೇಲೆ ಕಾಗದ ಇಟ್ಟುಕೊಂಡು ಆ ಪದವನ್ನು ಹೊಡೆದು, ಮೇಲೆ ಲಿವರ್ ಎಂದು ಬರೆದೆ. ಅವರು ನಾನು ಬರೆದದ್ದನ್ನು ನೋಡಿ, ಸರಿಯಿದೆ ಎಂದು ಖಚಿತಪಡಿಸಿಕೊಂಡು, ಕಾಗದ ವಾಪಸು ತೆಗೆದುಕೊಂಡು ಮುಂದಿನ ಸಾಲಿನ ಕೆಳಗೆ ಬೆರಳಿಟ್ಟರು.